ಹೆಸರೆತ್ತಿದರೆ ಸೌದೆಯಾಗುವ ಬೇರು

ನಾವು ಕಳಿಸಿದ್ದ ಇಂಡೆಂಟು ಒಂದು ಸೋಮವಾರ ಹಾಗೆಯೇ ವಾಪಸು ಬಂತು. ಹಾವಿನ ವಿಷ ಮುರಿಯುವ ಆಂಟಿವೆನಿನ್ ಸೀರಮ್ ಆರು ಸೀಸೆ ಬೇಕೆಂದು ನಾನೇ ದುಂಡಗೆ ಬರೆದು, ಡಾಕ್ಟರ ರುಜು ಹಾಕಿಸಿ, ಮಳವಳ್ಳಿಯ ಬಸ್ಸಿನಲ್ಲಿ ಕಳಿಸಿದ್ದ ಕಾಗದ ಅದು. ಅದರ ಮೇಲೆ ಜಿಲ್ಲಾ ವೈದ್ಯಾಧಿಕಾರಿಗಳಾದ ದೊಡ್ಡ ಸಾಹೇಬರು ಕೆಂಪು ಶಾಯಿಯಲ್ಲಿ ಅಡ್ಡಲಾಗಿ ಬರೆದಿದ್ದರು: ಈ ಆಸ್ಪತ್ರೆಯ ಮೂರು ವರ್ಷದ ವರದಿಗಳಲ್ಲಿ ಹಾವು ಕಚ್ಚಿದ ಪ್ರಕರಣ ಒಂದೂ ಇಲ್ಲ, ಯುದ್ಧದ ಕಾಲದಲ್ಲಿ ಅನಗತ್ಯವಾದದ್ದನ್ನು ಕೇಳಬಾರದು.

ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಒಂದೂ ಇಲ್ಲವಂತೆ! ನಾಲೆ ನೀರು ಬಂದು ರಾಗಿ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದ ಮೇಲೆ ನಮ್ಮ ಹೋಬಳಿಯಲ್ಲಿ ಇಲಿ ಹೆಚ್ಚಿದವು, ಇಲಿಯ ಹಿಂದೆ ಮಂಡಲದ ಹಾವು ಬಂತು. ಆ ಮಳೆಗಾಲವೊಂದರಲ್ಲೇ ನಾಲ್ಕು ಜನ ಸತ್ತಿದ್ದರು. ನಾಲ್ಕನೆಯವನು ಸತ್ತದ್ದು ನಮ್ಮ ಆಸ್ಪತ್ರೆಯ ಜಗಲಿಯ ಮೇಲೆ. ಇಂಡೆಂಟು ಬರೆದದ್ದೇ ಅವನ ದೆಸೆಯಿಂದ.

ನಾನು ಆ ಆಸ್ಪತ್ರೆಯ ಕಾಂಪೌಂಡರು. ಮದ್ದೂರಿನಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಸಾಬರ ಮಗ. ಔಷಧ ಅಳೆಯುವುದು, ಗಾಯ ಕಟ್ಟುವುದು, ರಿಜಿಸ್ಟರು ಬರೆಯುವುದು ನನ್ನ ಕೆಲಸ. ಡಾಕ್ಟರು ಬೆಂಗಳೂರಿನಿಂದ ಬಂದು ಇನ್ನೂ ಆರು ತಿಂಗಳಷ್ಟೇ ಆಗಿತ್ತು. ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಕಾಗದ ಕಂಡರೆ ಕೂತಲ್ಲಿಂದ ಏಳುವ ಸ್ವಭಾವ.

ಜಗಲಿಯ ಮೇಲೆ ಸತ್ತವನು ಕಬ್ಬಿನ ಸೋಗೆ ತೆಗೆಯುವ ಕೂಲಿ. ಹಿಮ್ಮಡಿಯ ಮೇಲೆ ಎರಡು ಚುಕ್ಕೆ ಇಟ್ಟುಕೊಂಡು ಗಾಡಿಯಲ್ಲಿ ಬಂದ. ನಾವು ಪುಸ್ತಕದಲ್ಲಿದ್ದದ್ದನ್ನೆಲ್ಲ ಮಾಡಿದೆವು. ತೊಡೆಗೆ ಬಿಗಿಯಾಗಿ ಹಗ್ಗ ಕಟ್ಟಿದೆವು, ಕಚ್ಚಿದ ಜಾಗ ಕೊಯ್ದೆವು, ಕೊಯ್ದ ಗಾಯಕ್ಕೆ ಪರ್ಮಾಂಗನೇಟಿನ ಹರಳು ಉಜ್ಜಿದೆವು. ಅವನು ಕೂಗಿದ್ದು ಅರ್ಧ ಊರಿಗೆ ಕೇಳಿಸಿತು. ಕೊಯ್ದ ಗಾಯದ ರಕ್ತ ಮಾತ್ರ ನಿಲ್ಲಲೇ ಇಲ್ಲ. ಎನಾಮಲ್ ಬೋಗುಣಿಯಲ್ಲಿ ಹಿಡಿದ ರಕ್ತ ಮಧ್ಯಾಹ್ನವಾದರೂ ಹೆಪ್ಪುಗಟ್ಟದೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಮಾರನೆಯ ಬೆಳಿಗ್ಗೆ ಅವನು ಹೋದ. ಆ ಬೋಗುಣಿ ತೊಳೆದದ್ದು ನಾನೇ, ಅದು ನನ್ನ ಕಣ್ಣಿಂದ ಹೋಗಲಿಲ್ಲ.

"ಒಂದೂ ಇಲ್ಲ ಅಂತ ಹೇಗೆ ಬರೀತಾರ್ರೀ ಅವರು?" ಎಂದರು ಡಾಕ್ಟರು. "ರಿಜಿಸ್ಟರು ತನ್ನಿ, ನೋಡೋಣ."

ಹೆಮ್ಮೆಯಿಂದಲೇ ತಂದೆ. ಡಾಕ್ಟರು ಪುಟ ತಿರುಗಿಸುತ್ತ ಹೋದರು, ತಿರುಗಿಸುತ್ತ ಹೋದ ಹಾಗೆ ಅವರ ಹುಬ್ಬು ಮೇಲೇರಿತು. "ಇದೇನ್ರೀ ಇದು, ಎಲ್ಲಿ ನೋಡಿದ್ರೂ ಇನ್‌ಸೆಕ್ಟ್ ಬೈಟ್, ಇನ್‌ಸೆಕ್ಟ್ ಬೈಟ್? ಈ ಊರಲ್ಲಿ ಅಷ್ಟೊಂದು ಹುಳ ಕಚ್ತವಾ? ಯಾವ ಹುಳ? ಚೇಳಾ?"

"ಅಲ್ಲ ಸಾರ್. ಅದೇ, ಉದ್ದದ್ದು."

"ಉದ್ದದ್ದು ಅಂದ್ರೆ? ಜರಿಯಾ?"

"ಇನ್ನೂ ಉದ್ದದ್ದು ಸಾರ್. ಹರಿಯೋದು."

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಾವಾ?"

"ಹೂಂ ಸಾರ್."

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಕಡೆ ಯಾರಿಗೇ ಹಾವು ಕಚ್ಚಲಿ, ಅದನ್ನು ಹಾವು ಎನ್ನುವುದಿಲ್ಲ. 'ಹುಳ ಮುಟ್ಟಿತು' ಎನ್ನುತ್ತಾರೆ. ಹೆಸರೆತ್ತಿದರೆ ಅದು ಬರುತ್ತದೆ, ವಿಷ ಏರುತ್ತದೆ. ನಮ್ಮ ಮನೆಯಲ್ಲೂ ಅಷ್ಟೆ. ದೀಪ ಹಚ್ಚಿದ ಮೇಲೆ ಅಮ್ಮಿ ಅದನ್ನು 'ರಸ್ಸಿ', ಅಂದರೆ ಹಗ್ಗ, ಎಂದೇ ಹೇಳುತ್ತಿದ್ದಳು. ರೋಗಿಗಳು 'ಉಳ' ಎಂದು ಬರೆಸಿದರು, ನಾನು ಇಂಗ್ಲಿಷಿನಲ್ಲಿ ಹುಳ ಎಂದೇ ಬರೆದೆ. ಹುಳವೆಂದರೆ ಏನೆಂದು ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೂ ಆ ಹೆಸರು ಬರೆಯಲು ಕೈ ಏಳುತ್ತಿರಲಿಲ್ಲ. ಮೂರು ವರ್ಷ ಸ್ಪಿರಿಟ್ಟು, ಅಯೋಡಿನ್ ವಾಸನೆಯಲ್ಲಿ ಕೂತು ಜಂಬ ಕೊಚ್ಚಿಕೊಂಡವನು, ಇಂಗ್ಲಿಷಿನಲ್ಲಿ ಬರೆದರೂ ಅದು ಬಂದೀತೆಂದು ಹೆದರಿದ್ದೆ! ಇಂಡೆಂಟಿನಲ್ಲಿ ಔಷಧದ ಹೆಸರೊಳಗೆ ಆ ಮಾತು ಇರಲಿಲ್ಲ, ಹಾಗಾಗಿ ಅದನ್ನು ಮಾತ್ರ ಸಲೀಸಾಗಿ ಬರೆದಿದ್ದೆ.

ನಾಚಿಕೆಯಿಂದ ನೆಲ ನೋಡಿದೆ. ಆ ಕ್ಷಣವೇ ಇನ್ನು ಮೇಲೆ ಆ ಹೆಸರನ್ನು ಬಾಯಿಬಿಟ್ಟೇ ಹೇಳುತ್ತೇನೆಂದು ಹಟ ಹುಟ್ಟಿತು.

"ತಿದ್ದಿ ಮತ್ತೆ ಕಳಿಸೋಣ ಸಾರ್."

"ಸರ್ಕಾರಿ ರಿಜಿಸ್ಟರು ತಿದ್ದೋದಾ? ಕೆಲಸ ಹೋಗುತ್ತೆ ಕಣ್ರೀ," ಎಂದು ಡಾಕ್ಟರು ಪುಸ್ತಕ ಮುಚ್ಚಿದರು.

ಸೀರಮ್ ಇಲ್ಲ, ಮಳೆಗಾಲ ಮುಗಿದಿಲ್ಲ, ಕಬ್ಬು ಆಳೆತ್ತರ ನಿಂತಿದೆ. ಸೀಸೆ ಕೊಡದಿದ್ದರೆ ಬೇಡ, ಬೇರಾದರೂ ಆಗಲಿ ಎಂದುಕೊಂಡು ನಾನು ಬೇರಜ್ಜಿಯ ಮನೆಗೆ ಹೊರಟೆ.

ಬೇರಜ್ಜಿ ಎಂದರೆ ಸುತ್ತ ಹತ್ತು ಹಳ್ಳಿಗೆ ಹುಳ ಮುಟ್ಟಿದವರಿಗೆ ಬೇರು ಕೊಡುವ ಮುದುಕಿ. ಮುತ್ತತ್ತಿಯ ಕಾಡಿಗೆ ಹೋಗುವ ದಾರಿಯಲ್ಲಿ ಅವಳ ಹಟ್ಟಿ. ಬೇಲಿಯ ತುಂಬ ಈಶ್ವರಿ ಬಳ್ಳಿ ಹಬ್ಬಿಸಿದ್ದಳು, ಅಂಗಳದಲ್ಲಿ ಒಂದು ಬೇವಿನ ಮರ. ನಮ್ಮ ಆಸ್ಪತ್ರೆಗೆ ಬರುತ್ತಿದ್ದವರೆಲ್ಲ ಮೊದಲು ಅವಳ ಹತ್ತಿರ ಹೋಗಿ ಆಮೇಲೆ ಪಟ್ಟಿ ಕಟ್ಟಿಸಿಕೊಳ್ಳಲು ಬರುವವರು. ಹಾಗಾಗಿ ನಮಗೂ ಅವಳಿಗೂ ಅಷ್ಟಕ್ಕಷ್ಟೆ.

"ಏನ್ ಸಾಬಣ್ಣ, ನಿಮ್ ಬಾಟ್ಲಿ ನೀರೆಲ್ಲ ಬತ್ತೋಯ್ತಾ?" ಎಂದಳು, ಕೂತಲ್ಲಿಂದ ಏಳದೆ.

"ಬಾಟ್ಲಿ ಕೊಡಾಕಿಲ್ಲ ಅಂದ್ರು ಅಜ್ಜಿ. ನಿನ್ ಬೇರು ಕೊಡು, ಔಷಧಿ ಮಾಡ್ತೀನಿ."

"ಯಾವುದ್ಕೆ?"

"ಅದೇ, ಹಾ..."

"ಮುಚ್ಲಾ ಬಾಯ!" ಮುದುಕಿ ಎದ್ದೇಬಿಟ್ಟಳು. "ಈ ಅಂಗಳದಾಗೆ ಎಸರೆತ್ತಿದ್ರೆ ಬೇರು ಸೌದೆ ಆಯ್ತದೆ. ನಮ್ಮತ್ತೆ ನಂಗೆ ಇದ ಕೊಡೋವಾಗ ಕೈ ಮ್ಯಾಲೆ ಕೈ ಮಡಗುಸ್ಕಂಡು ಮಾತ್ ಈಸ್ಕಂಡವ್ಳೆ. ಕೇಳ್ದೋರು ಎಸರೆತ್ತುದ್ರೂ ತಪ್ಪು. ಕೊಡೋಳು ಎತ್ತುದ್ರೆ ಮುಗ್ದೇ ಓಯ್ತು, ಕೈಗುಣ ಓಯ್ತದೆ."

ನಾನು ಬಾಯಿ ಮುಚ್ಚಿಕೊಂಡೆ. ಹಟವೇನೋ ಇತ್ತು, ಆದರೆ ಬೇರು ಬೇಕಿತ್ತಲ್ಲ. ಅವಳು ನನ್ನ ಕೈಗೆ ಒಂದು ಜಾಲಿ ಗೂಟ ಕೊಟ್ಟು, ಅಗೆಯುವಾಗ ಕಬ್ಬಿಣ ಸೋಕಿಸಬಾರದು ಎಂದು ಹೇಳಿ, ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಈಶ್ವರಿ ಬಳ್ಳಿಯ ಬುಡ ಅಗೆಸಿದಳು. ಮುಂಗೈ ಉದ್ದದ ಬೇರು. ಮುರಿದರೆ ಕರ್ಪೂರದಂಥ ಘಾಟು, ನಾಲಗೆಗಿಟ್ಟರೆ ಗಂಟಲವರೆಗೂ ಕಹಿ.

ಆಸ್ಪತ್ರೆಯಲ್ಲಿ ಅದನ್ನು ನೆರಳಲ್ಲಿ ಒಣಗಿಸಿ, ಕಲ್ಲಿನ ಕುಟ್ಟಣಿಯಲ್ಲಿ ತರಿತರಿಯಾಗಿ ಕುಟ್ಟಿ, ಒಂದು ಪಾಲು ಪುಡಿಗೆ ಐದು ಪಾಲು ಸ್ಪಿರಿಟ್ಟು ಹಾಕಿ ಬಿರಡೆ ಬಿಗಿದೆ. ಯುದ್ಧದ ಕಾಲ, ಸ್ಪಿರಿಟ್ಟಿಗೆ ತತ್ವಾರ. ನಾನು ಅಳೆಯುವಾಗ ಡಾಕ್ಟರು ಕಿಟಕಿಯಾಚೆ ಹೊಂಗೆ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಏಳು ದಿನ, ದಿನಕ್ಕೆ ಮೂರು ಸಲ ಸೀಸೆ ಅಲ್ಲಾಡಿಸಿದೆ. ಎಂಟನೆಯ ದಿನ ಮಲ್ಲು ಬಟ್ಟೆಯಲ್ಲಿ ಸೋಸಿದರೆ ಚಹದ ಬಣ್ಣದ ಟಿಂಕ್ಚರು ಇಳಿಯಿತು. ಎಷ್ಟು ಚೆಂದವಿತ್ತೆಂದರೆ ಅದರ ಮೇಲೆ ಚೀಟಿ ಅಂಟಿಸಿ ನಾನೇ ದೂರ ನಿಂತು ನೋಡಿದೆ.

ಪರೀಕ್ಷೆಗೆ ಹಾವಾಡಿಗನೊಬ್ಬನಿಗೆ ಹೇಳಿ ಕಬ್ಬಿನ ಗದ್ದೆಯಿಂದ ಮಂಡಲದ ಹಾವು ಹಿಡಿಸಿದೆವು. ಎರಡು ಕೋಳಿ ತಂದೆವು. ಮೊದಲನೆಯ ಕೋಳಿಗೆ ಕಚ್ಚಿಸಿ ಸುಮ್ಮನೆ ಬಿಟ್ಟೆವು. ಎರಡನೆಯದಕ್ಕೆ ಕಚ್ಚಿಸಿ, ಕೊಕ್ಕು ಬಿಡಿಸಿ ನನ್ನ ಟಿಂಕ್ಚರು ತೊಟ್ಟುತೊಟ್ಟಾಗಿ ಇಳಿಸಿದೆ. ಮೊದಲನೆಯದು ಬೇಗ ಸತ್ತಿತು. ಎರಡನೆಯದು ಬಹಳ ಹೊತ್ತು ನಿಂತೇ ಇತ್ತು. ನಾನು ಕುಣಿಯುವುದೊಂದು ಬಾಕಿ.

"ತಾಳಿ," ಎಂದರು ಡಾಕ್ಟರು. "ಮೊದಲನೇ ಕಡಿತಕ್ಕೆ ವಿಷ ಹೆಚ್ಚು ಇಳಿದಿರುತ್ತೆ. ನಾಳಿದ್ದು ತಿರುಗಾ ಮುರುಗಾ ಮಾಡಿ ನೋಡಿ. ಮೊದಲು ಕಚ್ಚಿಸಿದ್ದಕ್ಕೆ ಔಷಧಿ ಕೊಡಿ."

ಇನ್ನೆರಡು ಕೋಳಿ ತಂದು ತಿರುಗಾ ಮುರುಗಾ ಮಾಡಿದೆವು. ಔಷಧಿ ಕುಡಿದ ಕೋಳಿಯೇ ಮೊದಲು ಸತ್ತಿತು. ಆ ಹೊತ್ತಿಗೆ ಹಿಂದಿನ ಸಲದ ಎರಡನೆಯ ಕೋಳಿಯೂ ಬುಟ್ಟಿಯೊಳಗೆ ಕಾಲು ಚಾಚಿತ್ತು. ನನ್ನ ಚೀಟಿ ಅಂಟಿಸಿದ ಸೀಸೆಯನ್ನು ನೋಡಿದರೆ ಒಡೆದುಹಾಕುವಷ್ಟು ಸಿಟ್ಟು ಬಂತು.

ಆ ಸಿಟ್ಟನ್ನು ಹೊತ್ತು ಮತ್ತೆ ಹಟ್ಟಿಗೆ ಹೋದೆ. "ಅಜ್ಜಿ, ನಿನ್ ಬೇರು ಸುಳ್ಳು. ನಾಕು ಕೋಳಿ ಸತ್ವು," ಎಂದೆ.

ಅವಳು ಚೂರಿಯಿಂದ ಬೇರು ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಾಕು ಕೋಳಿ ಕೊಂದು ಗೊತ್ತು ಮಾಡ್ಕಂಡ್ರಾ? ನನ್ ಕೇಳಿದ್ರೆ ಸುಮ್ಕೆ ಯೇಳ್ತಿರ್ನಿಲ್ವಾ?"

"ಏನಂತ ಹೇಳ್ತಿದ್ದೆ?"

"ಬಂದೋರ್ಗೆ ಮೊದ್ಲು ಬೇವಿನ ಸೊಪ್ಪು ಅಗಿಯಾಕೆ ಕೊಡ್ತೀನಿ. ಕಯ್ಯಿ ಅಂದೋರ್ಗೆ ಇಸ ಏರಿಲ್ಲ. ಅವ್ರು ಬೇರು ತಿಂದು ಬದುಕ್ಕತಾರೆ. ತಿನ್ನದಿದ್ರೂ ಬದುಕ್ಕತಾರೆ. ಸಪ್ಪೆ ಅಂದೋರು..." ಅವಳ ಚೂರಿ ಈಗ ನಿಂತಿತು. "ಸಪ್ಪೆ ಅಂದೋರಲ್ಲಿ ಬದುಕ್ಕಂಡೋರು ಒಬ್ರೋ ಇಬ್ರೋ. ಅದೂ ಆ ದ್ಯಾವ್ರು ಮಡಿಕ್ಕಂಡಿದ್ದು, ನನ್ ಬೇರಲ್ಲ."

"ಮತ್ತೆ ಯಾಕೆ ಕೊಡ್ತೀಯ?"

"ಎದ್ರಿಕೇಗೇ ಅರ್ಧ ಜೀವ ಓಗಿರ್ತದೆ ಕಣಪ್ಪ. ಬೇರು ಬಾಯಾಗಿದ್ರೆ ಮನ್ಸ ನಿಂತ್ಕತಾನೆ. ನೀವು ಕುಯ್ತೀರ, ಉಪ್ಪಿನಂಗೆ ಅದೇನೋ ತಿಕ್ತೀರ. ನೀವು ಕುಯ್ದೋರೂ ಸತ್ರು, ನಾನು ಕುಯ್ದೇ ಇದ್ದೋರೂ ಸತ್ರು. ನಂತಾವ ಸತ್ತೋರು ಅರಚ್ಕಂಡು ಸಾಯ್ನಿಲ್ಲ. ಅಷ್ಟೇಯ ನಂದೂ ನಿಮ್ದೂ ವ್ಯತ್ಯಾಸ."

ಜಗಲಿಯ ಮೇಲೆ ಕೂಗಿಕೊಂಡು ಸತ್ತವನು ನೆನಪಾದ. ಅವಳೆದುರು ನೆಲದ ಮೇಲೆ ಕೂತೆ. ಸೀರಮ್ ಎಂಬುದು ಇದೆ, ಅದು ನಿಜವಾಗಿ ವಿಷ ಮುರಿಯುತ್ತದೆ, ನಾನು ಬರೆದ ಒಂದು ತಪ್ಪು ಮಾತಿನಿಂದ ಅದು ನಮಗೆ ಬರುತ್ತಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಮುದುಕಿ ಕೊನೆಯವರೆಗೂ ಕೇಳಿದಳು.

"ಸಪ್ಪೆ ಅಂದೋರ್ಗೂ ಆಯ್ತದಾ ಅದು?"

"ಬೇಗ ಕೊಟ್ರೆ ಆಯ್ತದೆ."

"ಅಂಗಾದ್ರೆ ತರಿಸು. ಯಾರ್ಯಾರ್ಗೆ ಮುಟ್ತು, ಯಾವ್ದು ಮುಟ್ತು, ಯಾರು ಓದ್ರು, ಎಲ್ಲಾ ನನ್ ತಲೇಲದೆ. ಬರ್ಕೊ."

ಅಂದಿನಿಂದ ಎರಡು ವಾರ, ಮಧ್ಯಾಹ್ನ ಆಸ್ಪತ್ರೆ ಮುಚ್ಚಿದ ಮೇಲೆ, ಕೋಲೂರಿಕೊಂಡು ಮುಂದೆ ಬೇರಜ್ಜಿ, ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಹಿಂದೆ ನಾನು. ನಾನು ಬರೆದ ಒಂದೊಂದು 'ಹುಳ'ದ ಮನೆಗೂ ಹೋದೆವು. ಅವಳ ನೆನಪು ನನ್ನ ಬರವಣಿಗೆಗಿಂತ ಶುದ್ಧವಾಗಿತ್ತು. ಎಲ್ಲವನ್ನೂ ವಿಷದ ಲೆಕ್ಕಕ್ಕೆ ಹಾಕುವವಳೂ ಅಲ್ಲ. "ಇವನ್ದು ನೀರುಳ, ಇಸ ಇಲ್ಲ, ಬುಟ್ಬುಡು," "ಇವ್ಳಿಗೆ ನಿಜ್ವಾಗ್ಲೂ ಚೇಳು, ನಿನ್ ಇಂಗ್ಲೀಸು ಸರಿಯಾಗದೆ," ಎಂದು ತಮಾಷೆ ಮಾಡುತ್ತಿದ್ದಳು.

ತೊಡಕಾದದ್ದು ಸಾಕ್ಷಿಗೆಂದು ಮನೆಯವರ ಹೇಳಿಕೆ ಬರೆಸುವಾಗ. ಏನು ಕಚ್ಚಿತೆಂದು ಕೇಳಿದರೆ ಎಲ್ಲರದೂ ಒಂದೇ ಮಾತು: ಉಳ. ಸೋಗೆ ತೆಗೆಯುವವನ ಹೆಂಡತಿಯಂತೂ ಕೈ ಮುಗಿದು, "ಎಸರೇಳ್ಸಬ್ಯಾಡಿ ಸಾಬ್ರೆ, ಮನ್ಯಾಗೆ ಇನ್ನೂ ಮಕ್ಳವ್ರೆ," ಎಂದು ಅತ್ತಳು. ಒತ್ತಾಯ ಮಾಡಲು ನನಗೂ ಬಾಯಿ ಬರಲಿಲ್ಲ. ಹೇಳದ್ದನ್ನು ಬರೆದು ಹೆಬ್ಬೆಟ್ಟು ಒತ್ತಿಸುವ ಮೋಸ ನನ್ನಿಂದಾಗದು. ಹೀಗಾಗಿ ಹೇಳಿಕೆಗಳಲ್ಲೂ ಸಾಲುಸಾಲಾಗಿ ಹುಳವೇ ಬಂದು ಕೂತಿತು.

ಹೇಳಿಕೆ ಹೇಗಾದರೂ ಇರಲಿ, ಸತ್ಯ ನನಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಮೂರು ರಿಜಿಸ್ಟರನ್ನೂ ಮೇಜಿನ ಮೇಲೆ ಹರಡಿದೆ. ಕೆಲಸ ಹೋದರೆ ಮದ್ದೂರಿನಲ್ಲಿ ಅಪ್ಪನ ಕುಲುಮೆ ಇದ್ದೇ ಇದೆ, ಸುತ್ತಿಗೆ ಹಿಡಿದರಾಯಿತು ಎಂದುಕೊಂಡೆ. ಡಾಕ್ಟರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ತಮ್ಮ ಜೇಬಿನಿಂದ ಕೆಂಪು ಶಾಯಿಯ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. "ನಾನು ನೋಡಿಲ್ಲ. ಆದ್ರೆ ಆ ನಿಬ್ಬು ಚೆನ್ನಾಗಿದೆ," ಎಂದು ಹೇಳಿ ರೋಗಿಗಳ ಕಡೆ ಹೋದರು. ಬೇರಜ್ಜಿ ಹೌದೆಂದ ಒಂದೊಂದು 'ಇನ್‌ಸೆಕ್ಟ್' ಮೇಲೂ ಗೆರೆ ಎಳೆದೆ, ಮೇಲೆ 'ಸ್ನೇಕ್' ಎಂದು ಬರೆದೆ, ಪಕ್ಕದಲ್ಲಿ ನನ್ನ ರುಜು ಹಾಕಿದೆ. ಮೊದಲ ಎರಡು ಮೂರನ್ನು ಅಕ್ಷರ ಅಕ್ಷರವಾಗಿ ಬರೆದೆ, ಆಮೇಲೆ ಸರಾಗವಾಯಿತು. ಹೊಸ ಇಂಡೆಂಟಿನ ಜೊತೆಗೆ ತಿದ್ದಿದ ಪಟ್ಟಿಯನ್ನೂ ಕಳಿಸಿದೆವು.

ಉತ್ತರವಾಗಿ ಕಾಗದ ಬರಲಿಲ್ಲ, ದೊಡ್ಡ ಸಾಹೇಬರೇ ಮೋಟಾರಿನಲ್ಲಿ ಬಂದರು. ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ರಿಜಿಸ್ಟರು ಬಿಡಿಸಿದರು. ಸುದ್ದಿ ಹಬ್ಬಿ, ಹೇಳಿಕೆ ಕೊಟ್ಟವರೂ ಕೊಡದವರೂ ಹೊಂಗೆ ಮರದ ಕೆಳಗೆ ಸೇರಿದ್ದರು.

"ಸರ್ಕಾರಿ ದಾಖಲೆ ತಿದ್ದೋಕೆ ನೀನ್ಯಾರಯ್ಯ?"

"ತಪ್ಪು ಬರೆದೋನೇ ನಾನು ಸಾರ್. ಬರೆಯೋವಾಗ ಯಾರೂ ಕೇಳ್ಲಿಲ್ಲ. ತಿದ್ದೋವಾಗ ಮಾತ್ರ ಯಾಕೆ ಕೇಳ್ತೀರಿ?"

ಡಾಕ್ಟರು ಕೆಮ್ಮಿದರು. ಸಾಹೇಬರ ಮುಖ ಕೆಂಪಾಯಿತು. ಹೇಳಿಕೆಗಳನ್ನು ಒಂದೊಂದಾಗಿ ಓದಿದರು, ಓದಿ ನಕ್ಕರು. ಮುಂದೆ ನಿಂತಿದ್ದ ಸೋಗೆಯವನ ಹೆಂಡತಿಯನ್ನು ಕರೆದು, "ನಿನ್ನ ಗಂಡನಿಗೆ ಏನಮ್ಮ ಕಚ್ಚಿದ್ದು?" ಎಂದರು.

"ಉಳ ಬುದ್ದಿ."

"ಎಂಥ ಹುಳ?"

"ಉಳ ಬುದ್ದಿ. ಎಲ್ರಿಗೂ ಗೊತ್ತಿರೋ ಉಳ."

"ಕೇಳಿದೆಯಾ?" ಸಾಹೇಬರು ನನ್ನ ಕಡೆ ತಿರುಗಿದರು. "ಹೆಂಡತಿಯೇ ಹುಳ ಅಂತಾಳೆ. ಅದನ್ನ ಹಾವು ಮಾಡೋಕೆ ನೀನು ಗಾರುಡಿಗನಾ?"

ನಾನು ಎಷ್ಟು ವಿವರಿಸಿದರೂ ಅವರು ಕೇಳಲಿಲ್ಲ. ಬರೆದದ್ದರಲ್ಲಿ ಹುಳ, ಹೇಳಿದ್ದರಲ್ಲಿ ಹುಳ. ಪುಸ್ತಕ ಮುಚ್ಚಿ ಏಳುವುದರಲ್ಲಿದ್ದರು. ಆಗ ಮರದ ಬುಡದಿಂದ ಬೇರಜ್ಜಿ ಎದ್ದಳು.

"ಆವು," ಎಂದಳು.

ಯಾರೋ ಹೆಂಗಸು, "ಬ್ಯಾಡ ಕಣಜ್ಜಿ, ಬ್ಯಾಡ," ಎಂದು ಅವಳ ಸೆರಗು ಜಗ್ಗಿದಳು.

"ಏನಂದೆ?" ಎಂದರು ಸಾಹೇಬರು. "ಆವು ಅಂದರೆ ಹಸುವಲ್ಲವೆ? ಹಸು ಕಚ್ಚಿತೆ?"

ನಮ್ಮ ಹಳ್ಳಿಯವರ ಬಾಯಲ್ಲಿ ಹಕಾರ ಬರುವುದಿಲ್ಲವೆಂದು ಅವರಿಗೆ ತಿಳಿಯದೆ? ಚೇಷ್ಟೆಗೇ ಕೇಳಿದರೋ ಏನೋ. ಬೇರಜ್ಜಿ ಸೆರಗು ಬಿಡಿಸಿಕೊಂಡು ಜಗಲಿಯ ಮೆಟ್ಟಿಲ ತನಕ ನಡೆದುಬಂದಳು. ಒಂದು ಸಲ ಹೇಳಿದ್ದಕ್ಕೇ ಅವಳ ಆಯುಸ್ಸಿನ ವಿದ್ಯೆ ಹೋಗಿತ್ತು. ಈಗ ಮತ್ತೆ ಹೇಳಬೇಕು, ಅದೂ ಹುಟ್ಟಿದಾಗಿನಿಂದ ನಾಲಗೆಗೆ ಬಾರದ ಅಕ್ಷರ ಸೇರಿಸಿ. ಎದೆಯ ತುಂಬ ಉಸಿರೆಳೆದುಕೊಂಡಳು.

"ಹಾವು! ಹಾವು ಕಣಪ್ಪ! ಕೇಳ್ತಾ? ಇವ್ಳ ಗಂಡುಂಗೆ ಕಡ್ದಿದ್ದು ಮಂಡ್ಲದ ಹಾವು. ನಾಲೆ ಏರಿ ಮ್ಯಾಲೆ ಸತ್ತ ಮುದ್ಕುಂಗೆ ಹಾವು. ಕೆರೆ ಕೆಳ್ಗಲ ಗದ್ದೆಲಿ ನಾಟಿ ಆಕೋ ಎಣ್ಣುಮಗ್ಳಿಗೆ ಹಾವು." ಬೆರಳು ಮಡಚುತ್ತ, ಮನೆ ಹೇಳುತ್ತ, ಒಬ್ಬೊಬ್ಬರನ್ನೂ ಹೇಳಿದಳು. ಪ್ರತಿ ಸಲವೂ ಹಕಾರ ಒತ್ತಿ ನುಡಿದಳು. "ಇವ್ರೆಲ್ಲಾ ನನ್ ಬೇರು ತಿಂದೇ ಸತ್ರು. ನನ್ ಬೇರು ಆಗ್ನಿಲ್ಲ. ನಿನ್ ಬಾಟ್ಲಿ ಆಯ್ತದಂತಲ್ಲ, ಕೊಡು! ಯಾಕ್ ಮುಚ್ಕಂಡು ಕೂತಿದ್ದೀಯ?"

ಸೋಗೆಯವನ ಹೆಂಡತಿ ತಲೆ ಎತ್ತಿದಳು. "ಊಂ ಬುದ್ದಿ, ಅದೇಯ," ಎಂದಳು ಮೆಲ್ಲಗೆ.

ಸಾಹೇಬರು ಹೇಳಿಕೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಮೋಟಾರು ಹತ್ತಿದರು. ಅಂದು ನನ್ನ ಮನಸ್ಸಿಗೆ ಆದ ಹೆಮ್ಮೆಯನ್ನು ಇಂದೂ ಮರೆಮಾಡುವುದಿಲ್ಲ. ಆ ಮುದುಕಿಯ ಮುಂದೆ ನಾವೆಲ್ಲ ಎಷ್ಟು ಸಣ್ಣವರಾಗಿ ಕಂಡೆವು!

ಆದರೆ ಬೆಲೆ ತೆತ್ತವಳು ಅವಳೇ. ಬೇರಜ್ಜಿ ಹೆಸರೆತ್ತಿಬಿಟ್ಟಳು, ಅವಳ ಬೇರು ಸೌದೆಯಾಯಿತು ಎಂದು ಊರೆಲ್ಲ ಮಾತಾಯಿತು. ಅಂಗಳಕ್ಕೆ ಯಾರೂ ಹೋಗದಾದರು. ಹುಳ ಮುಟ್ಟಿದವರು ವೈದ್ಯನಾಥಪುರದ ದೇವರಿಗೆ ಹರಕೆ ಕಟ್ಟಿಕೊಂಡು ಹೋದರು, ಅವಳ ಹಟ್ಟಿಯ ಮುಂದೆ ಮಾತ್ರ ತಲೆ ತಗ್ಗಿಸಿ ದಾಟಿದರು. ಸುಮ್ಮನೆ ಕೂರಲಾರದೆ ಅವಳು ದಿನಾ ನಮ್ಮ ಆಸ್ಪತ್ರೆಗೆ ಬಂದು ಹೊಂಗೆ ಮರದ ಕೆಳಗೆ ಕೂರತೊಡಗಿದಳು. ನಾನು ಏನು ಹೇಳಿದರೂ, "ಬುಡು ಸಾಬಣ್ಣ, ಯೇಳಿದ್ದು ಯೇಳಾಯ್ತು," ಎನ್ನುವಳು. ಸೊಂಟದಲ್ಲಿ ಮಾತ್ರ ಬೇರಿನ ಚೀಲ ಹಾಗೇ ಇತ್ತು.

ಒಂದು ತಿಂಗಳಾದ ಮೇಲೆ ಒಂದೇ ಬಸ್ಸಿನಲ್ಲಿ ಎರಡು ಬಂದವು. ಒಂದು, ಮರದ ಹೊಟ್ಟಿನಲ್ಲಿ ಹುದುಗಿಸಿದ ಸೀರಮಿನ ಪೆಟ್ಟಿಗೆ. ಇನ್ನೊಂದು, ನನ್ನನ್ನು ಬಸರಾಳಿನ ಆಸ್ಪತ್ರೆಗೆ ವರ್ಗ ಮಾಡಿದ ಆರ್ಡರು. ಪೆಟ್ಟಿಗೆ ನೋಡಿದ ಖುಷಿಯಲ್ಲಿ ಆರ್ಡರನ್ನು ಅರ್ಧವೇ ಓದಿದೆ. ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಸೀಸೆಗಳನ್ನು ಹೂತು, ತಂಪಾದ ಮೂಲೆಯಲ್ಲಿಟ್ಟೆ.

ನನ್ನ ಜಾಗಕ್ಕೆ ಹೊಸ ಕಾಂಪೌಂಡರು ಬಂದು, ನಾನು ಚಾರ್ಜು ಕೊಡುತ್ತಿದ್ದ ಬೆಳಿಗ್ಗೆಯೇ ಒಂದು ಗಾಡಿ ಬಂದು ನಿಂತಿತು. ಕಬ್ಬಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸು. ಜೊತೆಗೆ ಗಂಡ, ಮೈದುನ.

"ಉಳ ಮುಟ್ಬುಡ್ತು ಸಾಬ್ರೆ," ಎಂದ ಗಂಡ.

ನಾನು ಬಾಯಿ ತೆರೆಯುವ ಮೊದಲೇ ಮರದ ಕೆಳಗಿನಿಂದ ಬಂತು: "ಯಾವ ಉಳ? ಬಾಯ್ಬುಟ್ಟು ಯೇಳ್ಲಾ!"

ಅವನು ನೆಲ ನೋಡಿದ.

"ನನ್ ಅಟ್ಟೀಲಿ ಎಸರೇಳ್ಬಾರ್ದಿತ್ತು. ಇಲ್ಲಿ ಯೇಳ್ಬೇಕು. ಯೇಳಿದ್ರೇ ಔಸ್ದಿ."

"ಆವು," ಎಂದ ಅವನು. "ಮಂಡ್ಲದ್ದು. ಕಣ್ಣಾರೆ ಕಂಡೆ."

ಚಾರ್ಜಿನ ಪಟ್ಟಿಯನ್ನು ಪಕ್ಕಕ್ಕೆ ತಳ್ಳಿ, "ಈ ಪುಟ ನಂದು, ಮುಗಿಸಿ ಕೊಡ್ತೀನಿ," ಎಂದು ಹೊಸಬರಿಗೆ ಹೇಳಿದೆ. ಈ ಸಲ ಹಗ್ಗ ಬಿಗಿಯಲಿಲ್ಲ, ಕೊಯ್ಯಲೂ ಇಲ್ಲ. ಸೀಸೆಗಳು ಕಡಿಮೆ, ವಿಷ ಏರಿದವರಿಗೆ ಮಾತ್ರ ಕೊಡಬೇಕು. ಏರಿದೆಯೋ ಇಲ್ಲವೋ ತಿಳಿಯಲು ಆ ಎನಾಮಲ್ ಬೋಗುಣಿಯೇ ನನಗೆ ಪಾಠ ಹೇಳಿತ್ತು: ವಿಷ ಏರಿದವರ ರಕ್ತ ಹೆಪ್ಪುಗಟ್ಟದು. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಶುಭ್ರವಾದ ಗಾಜಿನ ನಳಿಕೆಗೆ ಹಾಕಿ, ಗಡಿಯಾರದ ದೊಡ್ಡ ಮುಳ್ಳು ನಾಲ್ಕು ಮನೆ ದಾಟುವವರೆಗೆ, ಇಪ್ಪತ್ತು ನಿಮಿಷ, ಅಲ್ಲಾಡಿಸದೆ ನಿಲ್ಲಿಸಿದೆ. ಅತ್ತ ಬೇರಜ್ಜಿ ಅಭ್ಯಾಸಬಲದಿಂದ ಹೆಂಗಸಿಗೆ ಬೇವಿನ ಸೊಪ್ಪು ಅಗಿಯಲು ಕೊಟ್ಟಳು.

"ಕಯ್ಯಿ," ಎಂದು ಹೆಂಗಸು ಮುಖ ಹಿಂಡಿದಳು.

ಗಂಡ, ಮೈದುನ ಇಬ್ಬರ ಮುಖವೂ ಅರಳಿತು. "ಕಯ್ಯಿ ಅಂದ್ಲು! ಇಸ ಏರಿಲ್ಲ. ಸೂಜಿ ಗೀಜಿ ಬ್ಯಾಡ, ನಡೀರಿ," ಎಂದು ಮೈದುನ ಗಾಡಿ ತಿರುಗಿಸಲು ಹೊರಟ. ಹತ್ತು ಹಳ್ಳಿಯವರು ಅಷ್ಟು ವರ್ಷ ನಂಬಿದ ಪರೀಕ್ಷೆ. ಬೇಡವೆನ್ನಲು ನಾನು ಯಾರು?

ಹೊತ್ತಾಯಿತು. ನಳಿಕೆಯನ್ನು ಬಗ್ಗಿಸಿದೆ. ರಕ್ತ ನೀರಿನ ಹಾಗೆ ಹರಿಯಿತು. ಬೇರಜ್ಜಿಗೆ ತೋರಿಸಿದೆ. ಅವಳು ನಳಿಕೆಯನ್ನು ತಾನೇ ಹಿಡಿದು ಎರಡು ಸಲ ಬಗ್ಗಿಸಿ ನೋಡಿದಳು.

"ನಿಲ್ಲುಸ್ಲಾ ಗಾಡಿಯ!" ಎಂದು ಕೂಗಿದಳು. "ನನ್ ಬೇವು ಇವತ್ತು ಸುಳ್ಳು ಯೇಳ್ತದೆ. ಬೇವಿನ ಮಾತು ಕೇಳಿ ಈಗ ಕರ್ಕಂಡೋದ್ರೆ, ನಾಳೆ ಒತ್ಕಂಡೋಯ್ತೀರ. ಗಾಜು ಯೇಳ್ದಂಗೆ ಕೇಳಿ."

ಮೈದುನ ಮೂಗುದಾರ ಹಿಡಿದವನು ಹಾಗೇ ನಿಂತ. ಗಂಡ ಹೆಂಡತಿಯನ್ನು ಎತ್ತಿ ಒಳಗೆ ತಂದು ಮಲಗಿಸಿದ.

ಡಾಕ್ಟರು ನರಕ್ಕೆ ಸೂಜಿ ಕೊಟ್ಟು ಬಹಳ ನಿಧಾನವಾಗಿ ಸೀರಮ್ ಇಳಿಸಿದರು. ಸೀರಮ್ ಮೈಗೆ ಒಗ್ಗದಿದ್ದರೆ ಕೊಡಲೆಂದು ನಾನು ಅಡ್ರಿನಾಲಿನ್ ತುಂಬಿದ ಇನ್ನೊಂದು ಪಿಚಕಾರಿ ಹಿಡಿದು ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅವಳಿಗೆ ಚಳಿ ಬಂದು ಮೈ ನಡುಗಿತು, ಕಂಬಳಿ ಹೊದಿಸಿದೆವು. ಮಧ್ಯಾಹ್ನ ಮತ್ತೆ ರಕ್ತ ತೆಗೆದೆ, ಇನ್ನೂ ನೀರು. ಡಾಕ್ಟರು ಇನ್ನೊಂದು ಸೀಸೆ ಕೊಟ್ಟರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮೂರನೆಯ ನಳಿಕೆ ಬಗ್ಗಿಸಿದೆ. ರಕ್ತ ಅಲ್ಲಾಡಲಿಲ್ಲ. ಪೂರ್ತಿ ತಲೆಕೆಳಗು ಮಾಡಿದೆ. ಮೊಸರಿನ ಗಡ್ಡೆಯ ಹಾಗೆ ತಳ ಹಿಡಿದು ಕೂತಿತ್ತು. ಡಾಕ್ಟರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದರು, ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ.

ಮಲಗಿದ್ದ ಹೆಂಗಸು ಬಾಗಿಲ ಕಡೆ ತಿರುಗಿ, "ಅಜ್ಜಿ, ಎದ್ರಿಕೆ ಆಯ್ತದೆ. ಒಸಿ ಬೇರು ಕೊಡು," ಎಂದಳು.

ಬಾಗಿಲಲ್ಲಿ ಕೂತಿದ್ದ ಬೇರಜ್ಜಿ ತಲೆ ಎತ್ತಲಿಲ್ಲ. "ನನ್ನ ಕೇಳ್ಬ್ಯಾಡ ಕಣವ್ವ. ನಾನು ಎಸರೆತ್ತಿದೋಳು. ಅದು ಬರೀ ಸೌದೆ."

"ಸೌದೆನೇ ಕೊಡು. ನಿನ್ ಕೈಲಿ ಕೊಡು."

ಮುದುಕಿ ಡಾಕ್ಟರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಚೀಲದ ದಾರ ಬಿಚ್ಚಿ, ಉಗುರಿನಷ್ಟು ಬೇರು ಮುರಿದು, ತನ್ನ ಕೈಯಿಂದಲೇ ಹೆಂಗಸಿನ ಬಾಯಿಗಿಟ್ಟಳು.

ನಾನು ರಿಜಿಸ್ಟರು ಎಳೆದುಕೊಂಡೆ. ರೋಗದ ಕಾಲಮಿನಲ್ಲಿ 'ಸ್ನೇಕ್ ಬೈಟ್' ಎಂದು ದಪ್ಪಗೆ ಬರೆದು, ಕೆಳಗೆ ಕನ್ನಡದಲ್ಲೂ 'ಹಾವು' ಎಂದು ಬರೆದೆ. ಚಿಕಿತ್ಸೆಯ ಕಾಲಮಿನಲ್ಲಿ ಸೀರಮ್ ಎರಡು ಸೀಸೆ. ಅದರ ಕೆಳಗಿನ ಸಾಲಿನಲ್ಲಿ: ಈಶ್ವರಿ ಬೇರು, ಬೇರಜ್ಜಿಯ ಕೈಯಿಂದ.

"ಇದನ್ನ ಬರೆದ್ರೆ ಮೇಲಿನವರು ಸುಮ್ಮನಿರ್ತಾರಾ?" ಎಂದು ಹೊಸ ಕಾಂಪೌಂಡರು ಗಾಬರಿಯಾದರು.

"ಇರೋದಿಲ್ಲ," ಎಂದೆ. ರುಜು ಹಾಕಿ, ಪುಸ್ತಕವನ್ನು ಅವರ ಕಡೆ ಸರಿಸಿದೆ. "ಯಾರು ಬರೆದದ್ದು ಅಂತ ಕೇಳಿದ್ರೆ ಬಸರಾಳಿನಲ್ಲಿದ್ದಾನೆ ಅಂತ ಹೇಳಿ."